ಗೆಳೆಯರೊಂದಿಗೆ ಕಾಡುಹಂದಿ ಬೇಟೆ: ಬಿಲ್ಲು ಹಾಕುವುದರಿಂದ ಹಸಿಗೆಯವರೆಗೆ

ಗುಂಪಾಗಿ ಕಾಡುಹಂದಿ ಬೇಟೆಗೆ ಹೊರಟವರು ಮೊದಲು ಅಂಜಬೇಕಾದ್ದು ಹಂದಿಯ ಕೋರೆಗಲ್ಲ, ಪಕ್ಕದಲ್ಲಿ ನಿಂತವನ ಕೋವಿಗೆ. ಹಳುವಿನೊಳಗೆ, ಅಂದರೆ ದಟ್ಟ ಪೊದೆಗಾಡಿನೊಳಗೆ, ಕೆಲವರು ಗದ್ದಲ ಮಾಡಿ ಹಂದಿ ಎಬ್ಬಿಸುತ್ತ ಬರುತ್ತಿರುತ್ತಾರೆ, ಇದು ಸೋವುವುದು. ಹೊರಗೆ ಕೆಲವರು ಕೋವಿ ಹಿಡಿದು ಕಾದಿರುತ್ತಾರೆ, ಆ ಕಾವಲಿನ ಜಾಗವೇ ಬಿಲ್ಲು. ನಡುವೆ ಮೈಯೆಲ್ಲ ಶಕ್ತಿಯಾದ ಒಂದು ಪ್ರಾಣಿ ಯಾವ ಕಡೆಯಿಂದ ನುಗ್ಗುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಇಲ್ಲಿ ಗುರಿಗಾರಿಕೆಗಿಂತ ಹೆಚ್ಚಾಗಿ ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಕದಲಬಾರದು, ಹೊಡೆದ ಮೇಲೆ ಹಸಿಗೆಯವರೆಗೆ, ಅಂದರೆ ಹಂದಿಯನ್ನು ಕೊಯ್ದು ಹಸನು ಮಾಡುವವರೆಗೆ, ಏನು ಮಾಡಬೇಕು ಎಂಬುದನ್ನೇ ಹೇಳಿದ್ದೇವೆ.

ಕಾನೂನಿನ ಮಾತು ಮೊದಲೇ ಆಗಿಹೋಗಲಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಧಿಕಾರಿಗಳ ಅನುಮತಿಯಿಲ್ಲದೆ ಕಾಡುಹಂದಿ ಹೊಡೆಯುವುದು ಅಪರಾಧ. ಮೋಜಿಗಾಗಿ ಮಾಡುವ ಬೇಟೆಗೆ ಇಲ್ಲಿ ಅವಕಾಶವೇ ಇಲ್ಲ. ಈ ಬರಹ ಫ್ರಾನ್ಸ್, ಜರ್ಮನಿ, ಅಮೆರಿಕ, ಆಸ್ಟ್ರೇಲಿಯಾಗಳಂತೆ ಹಂದಿ ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ಕಡೆಗೆ ಸಂಬಂಧಿಸಿದ್ದು. ಅಲ್ಲಿಯೂ ನಿಯಮಗಳು ಊರಿಂದೂರಿಗೆ ಬೇರೆ. ಬೇಟೆಗಾರನ ಪರವಾನಗಿ, ಕೋವಿಯ ಪರವಾನಗಿ, ಜಾಗದ ಮಾಲೀಕರ ಲಿಖಿತ ಒಪ್ಪಿಗೆ, ಈ ಮೂರೂ ಪ್ರತಿಯೊಬ್ಬರ ಕೈಯಲ್ಲಿ ಇರಲೇಬೇಕು.

ಹಿಂದಿನ ದಿನ ಜಾಗ ನೋಡುವುದು

ಹಂದಿ ಇಲ್ಲದ ಹಳುವನ್ನು ಸೋವಿದರೆ ದಿನವೂ ಹೋಯಿತು, ಗುಂಪಿನ ಗಮನವೂ ಹೋಯಿತು. ಬೇಸರ ಬಂದ ಗುಂಪೇ ತಪ್ಪು ಮಾಡುವುದು. ಆದ್ದರಿಂದ ಇಬ್ಬರು ಹಿಂದಿನ ದಿನ ಮಧ್ಯಾಹ್ನ ಹೋಗಿ ಜಾಗದ ಅಂಚನ್ನಷ್ಟೇ ಸುತ್ತಿ ಬರಬೇಕು. ಒಳಗೆ ಕಾಲಿಟ್ಟರೆ ಮನುಷ್ಯರ ವಾಸನೆಗೆ ಹಂದಿಗಳು ರಾತ್ರಿಯೇ ಜಾಗ ಬಿಡುತ್ತವೆ.

ಹೆಜ್ಜೆ ಗುರುತಿಸುವುದು ಸುಲಭ. ಗೊರಸಿನ ಎರಡು ಅಚ್ಚುಗಳ ಹಿಂದೆ, ಅವಕ್ಕಿಂತ ಅಗಲವಾಗಿ, ಎರಡು ಮರಿಗೊರಸುಗಳ ಗುರುತು ಬಿದ್ದಿದ್ದರೆ ಅದು ಹಂದಿ. ಜಿಂಕೆ ಜಾತಿಯ ಪ್ರಾಣಿಗಳಲ್ಲಿ ಮರಿಗೊರಸು ಎತ್ತರದಲ್ಲಿರುವುದರಿಂದ ಮೆತ್ತನೆಯ ಕೆಸರಲ್ಲೋ ಜೋರಾಗಿ ಓಡಿದಾಗಲೋ ಮಾತ್ರ ಅಚ್ಚು ಬೀಳುತ್ತದೆ. ಮೂತಿಯಿಂದ ಉತ್ತ ನೆಲದ ಮಣ್ಣು ಇನ್ನೂ ಕಪ್ಪಾಗಿ ತೇವವಾಗಿದ್ದರೆ ನಿನ್ನೆ ರಾತ್ರಿಯದು. ಮೇಲೆ ಹೆಪ್ಪುಗಟ್ಟಿ ಬಿಳಚಿಕೊಂಡಿದ್ದರೆ ಅದನ್ನು ನೆಚ್ಚಬೇಡಿ. ಕೆಸರಿನ ಹೊಂಡದ ಹತ್ತಿರದ ಮರಗಳನ್ನೂ ನೋಡಿ. ಹೊರಳಾಡಿ ಬಂದ ಹಂದಿ ಮರಕ್ಕೆ ಮೈ ಉಜ್ಜುತ್ತದೆ, ಕೆಸರು ಮೆತ್ತಿದ ಎತ್ತರದಿಂದ ಅದರ ಗಾತ್ರ ಅಂದಾಜಾಗುತ್ತದೆ. ಬೇಲಿಯ ಅಡಿ ನುಸುಳಿದ ಕಂಡಿಯಲ್ಲಿ ಗಡುಸು ಕೂದಲು ಸಿಕ್ಕರೆ ಹಂದಿ ಅಲ್ಲಿಂದಲೇ ಓಡಾಡುತ್ತದೆ ಎಂದು ಬರೆದುಕೊಳ್ಳಿ, ನಾಳೆ ಒಂದು ಬಿಲ್ಲು ಅಂಥ ಕಂಡಿಗೇ ಬೀಳಬೇಕು. ಮರುದಿನ ಬೆಳಗ್ಗೆ ಮತ್ತೊಮ್ಮೆ ಸುತ್ತಿ, ಒಳಗೆ ಹೋದ ಹೆಜ್ಜೆ ಹೆಚ್ಚೋ ಹೊರಗೆ ಬಂದದ್ದು ಹೆಚ್ಚೋ ಎಂದು ಲೆಕ್ಕ ಹಾಕಿ. ಒಳಗೆ ಹೋದವು ಹೊರಬಂದಿಲ್ಲ ಎಂದು ಕಂಡರೆ ಮಾತ್ರ ಆ ಹಳುವನ್ನು ಆರಿಸಿ.

ಗಾಳಿಯ ಲೆಕ್ಕವನ್ನು ಕೊನೆಗೆ ಬಿಡಬೇಡಿ. ಹಂದಿಯ ಕಣ್ಣು ಮಂದ, ಕಿವಿ ಚುರುಕು, ಮೂಗು ಅದಕ್ಕಿಂತ ಚುರುಕು. ಇಳಿಜಾರಿನಲ್ಲಿ ಬೆಳಗಿನ ತಂಪು ಗಾಳಿ ಕೆಳಗೆ ಹರಿಯುತ್ತದೆ, ಬಿಸಿಲು ಏರಿದ ಮೇಲೆ ಮೇಲಕ್ಕೆ ತಿರುಗುತ್ತದೆ. ಚಿಕ್ಕ ಬಾಟಲಿಯಲ್ಲಿ ಟಾಲ್ಕಂ ಪೌಡರ್ ಇಟ್ಟುಕೊಂಡು ಒಂದು ಚಿಟಿಕೆ ಹಾರಿಸಿದರೆ ಗಾಳಿಯ ದಿಕ್ಕು ಕಾಣುತ್ತದೆ. ಕಾಯುವವರ ಮೇಲಿಂದ ಹಳುವಿನ ಕಡೆಗೆ ಗಾಳಿ ಬೀಸುತ್ತಿದ್ದರೆ ಇಡೀ ಯೋಜನೆಯನ್ನೇ ತಿರುಗಿಸಿ, ಇಲ್ಲವೇ ಬೇರೆ ಹಳು ನೋಡಿ.

ಯಾರು ಎಲ್ಲಿ ನಿಲ್ಲಬೇಕು

ಎಂಟು ಹತ್ತು ಜನ ಸಾಕು. ಐದಾರು ಜನ ಬಿಲ್ಲಿಗೆ, ಅಂದರೆ ಕೋವಿ ಹಿಡಿದು ಕಾಯಲು. ಮೂರು ನಾಲ್ಕು ಜನ ಹಳು ಸೋವಲು. ಇಷ್ಟು ಜನರಿಗೆ 10ರಿಂದ 20 ಹೆಕ್ಟೇರಿನ ಹಳು ಸರಿಹೋಗುತ್ತದೆ. ಅದಕ್ಕಿಂತ ದೊಡ್ಡದಾದರೆ ಹಂದಿ ಸೋವುವವರ ನಡುವಿನಿಂದಲೇ ಹಿಂದಕ್ಕೆ ನುಸುಳಿಬಿಡುತ್ತದೆ. ಗುಂಪಿಗೆ ಒಬ್ಬನೇ ಮುಖ್ಯಸ್ಥ. ಅವನು ಜಾಗ ಬಲ್ಲವನಾಗಿರಬೇಕು, ಗೆಳೆಯನ ಕೋವಿಯನ್ನು ಕಿತ್ತು ಗಾಡಿಯಲ್ಲಿಡುವ ಎದೆಗಾರಿಕೆಯೂ ಇರಬೇಕು. ಸಲಿಗೆಯ ಗುಂಪಿನಲ್ಲಿ ಈ ಎರಡನೆಯದೇ ಕಷ್ಟ. ಅದಿಲ್ಲದವನನ್ನು ಮುಖ್ಯಸ್ಥನನ್ನಾಗಿ ಮಾಡಬೇಡಿ.

ಹೊರಡುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ಹೆಸರು ಬರೆದುಕೊಳ್ಳಿ. ನಕ್ಷೆಯಲ್ಲಿ ಪ್ರತಿಯೊಬ್ಬರ ಜಾಗ, ಸೋವುವವರು ಹೊರಡುವ ಮತ್ತು ಹೊರಬರುವ ಅಂಚು, ಮನೆ, ರಸ್ತೆ, ಕಾಲುದಾರಿ ತೋರಿಸಿ. ಶುರುವಿನ ಸದ್ದು, ಮುಗಿತಾಯದ ಸದ್ದು, ಅಪಾಯದ ಸದ್ದು ಇವನ್ನು ಊದಿ ಕೇಳಿಸಿ. ವಾಕಿಟಾಕಿ ಇದ್ದರೂ ಕೊಂಬು ಅಥವಾ ಸೀಟಿ ಬೇಕೇ ಬೇಕು, ಏಕೆಂದರೆ ಬ್ಯಾಟರಿ ಮುಗಿಯುವುದು ಬೇಡದ ಹೊತ್ತಿನಲ್ಲಿ. ಬೆಳಗಿನಿಂದ ಯಾರಾದರೂ ಒಂದು ಗುಟುಕು ಕುಡಿದಿದ್ದರೂ ಅವರಿಗೆ ಆ ದಿನ ಕೋವಿ ಇಲ್ಲ. ಕಿತ್ತಳೆ ಬಣ್ಣದ ಅಂಗಿ, ಟೋಪಿ ಎಲ್ಲರಿಗೂ ಕಡ್ಡಾಯ. ಹಂದಿಗೆ ಆ ಬಣ್ಣ ಎದ್ದು ಕಾಣುವುದಿಲ್ಲ, ಮನುಷ್ಯನಿಗೆ ಕಾಣುತ್ತದೆ.

ಬಿಲ್ಲುಗಳನ್ನು ಒಂದೇ ನೇರ ಸಾಲಿನಲ್ಲಿ ಹಾಕಬೇಕು. ಸಾಲು ಬಾಗಿದರೆ ಒಬ್ಬನ ಮುಂಭಾಗ ಇನ್ನೊಬ್ಬನ ಬೆನ್ನಾಗುತ್ತದೆ. ಇಬ್ಬರ ನಡುವೆ 60ರಿಂದ 100 ಮೀಟರ್ ಇರಲಿ. ಜಾಗಕ್ಕೆ ತಲುಪಿದ ಕೂಡಲೇ ಕೈಯೆತ್ತಿ ಎಡ ಬಲದವರಿಗೆ ತೋರಿಸಿಕೊಳ್ಳಿ, ಅವರೂ ಕೈಯೆತ್ತುವವರೆಗೆ ತೋಟಾ ಮುಟ್ಟಬೇಡಿ. ನೆರೆಯವನು ಕಾಣದಿದ್ದರೆ ಅವನಿರುವ ದಿಕ್ಕಿಗೆ ಕೋವಿ ತಿರುಗಿಸುವಂತೆಯೇ ಇಲ್ಲ.

ಆಮೇಲೆ ಕೋನದ ಗುರುತು. ಯುರೋಪಿನ ಬೇಟೆಗಾರರು 30 ಡಿಗ್ರಿ ಎಂದು ಕಲಿಸುವುದು ಇದನ್ನೇ. ಇದಕ್ಕೆ ಉಪಕರಣ ಬೇಡ, ಹೆಜ್ಜೆ ಸಾಕು. ನಿಮ್ಮ ಜಾಗದಿಂದ ಬಲ ನೆರೆಯವನ ಕಡೆಗೆ ನೇರವಾಗಿ 5 ಹೆಜ್ಜೆ ನಡೆಯಿರಿ. ಅಲ್ಲಿಂದ ಹಳುವಿಗೆ ಬೆನ್ನಾಗಿ, ಸಾಲಿಗೆ ಅಡ್ಡಲಾಗಿ 3 ಹೆಜ್ಜೆ ಇಟ್ಟು ಒಂದು ಕಡ್ಡಿ ನೆಡಿ. ಎಡಕ್ಕೂ ಹಾಗೆಯೇ ಮಾಡಿ. ನಿಂತ ಜಾಗಕ್ಕೆ ಮರಳಿದರೆ ಎರಡು ಕಡ್ಡಿಗಳ ನಡುವೆ ಸುಮಾರು 120 ಡಿಗ್ರಿಯ ಬಯಲು ಕಾಣುತ್ತದೆ. ನಿಮ್ಮ ಈಡು ಹೋಗಬೇಕಾದ್ದು ಅಲ್ಲಿಗೆ ಮಾತ್ರ. ಕಲ್ಲಿಗೋ ಮರಕ್ಕೋ ಗಟ್ಟಿ ನೆಲಕ್ಕೋ ತಾಗಿದ ಗುಂಡು ಹೊಡೆದ ಗೆರೆಯಲ್ಲೇ ಹೋಗುವುದಿಲ್ಲ, ಪಕ್ಕಕ್ಕೆ ಜಿಗಿಯುತ್ತದೆ. ಬಿಟ್ಟ 30 ಡಿಗ್ರಿ ಆ ಜಿಗಿತಕ್ಕೆ ಮೀಸಲು.

ಕಡ್ಡಿಗಳು ಹಳುವಿನ ಕಡೆಗಲ್ಲ, ಹೊರಗಡೆಗೆ ಎಂಬುದನ್ನು ಗಮನಿಸಿ. ಹಳುವಿನೊಳಗೆ ನಿಮ್ಮವರಿದ್ದಾರೆ. ಹಂದಿ ಎದುರಿಗೆ ಬರುವಾಗ ಹೊಡೆಯುವ ಆಸೆಯೇ ಬಲವಾಗಿರುತ್ತದೆ, ಅಲ್ಲಿಯೇ ತಡೆದುಕೊಳ್ಳಬೇಕು. ಸಾಲನ್ನು ದಾಟಲು ಬಿಟ್ಟು, ಕೋವಿಯ ನಳಿಗೆಯನ್ನು ಆಕಾಶಕ್ಕೆತ್ತಿ ತಿರುಗಿ, ಅದು ಆಚೆ ಬಯಲಿಗೆ ಬಿದ್ದ ಮೇಲೆ ಹೊಡೆಯಬೇಕು. ಭುಜಕ್ಕೆ ಏರಿಸಿದ ಕೋವಿಯಲ್ಲಿ ಹಂದಿಯನ್ನು ಹಿಂಬಾಲಿಸುತ್ತ ಸಾಲಿನ ಉದ್ದಕ್ಕೂ ಬೀಸುವವನನ್ನು ಮುಂದಿನ ಸರದಿಗೆ ಕರೆಯಬೇಡಿ.

ಗುಂಡು ಪ್ರತಿ ಸಲವೂ ಕಣ್ಣಿಗೆ ಕಾಣುವ ಮಣ್ಣಿನಲ್ಲಿ ಹೂತುಕೊಳ್ಳಬೇಕು. ರೈಫಲ್ ಗುಂಡು ತಡೆಯಿಲ್ಲದಿದ್ದರೆ ಕಿಲೋಮೀಟರುಗಟ್ಟಲೆ ಹಾರುತ್ತದೆ. ದಿಬ್ಬದ ನೆತ್ತಿಯ ಮೇಲೆ, ಆಕಾಶಕ್ಕೆ ಅಂಟಿದಂತೆ ಕಾಣುವ ಹಂದಿ ಎಷ್ಟೇ ದೊಡ್ಡದಾದರೂ ನಿಮ್ಮದಲ್ಲ. ಒಂದೂವರೆ ಎರಡು ಮೀಟರ್ ಎತ್ತರದ ಅಟ್ಟಣೆ ಕಟ್ಟಿದರೆ ಗುಂಡು ಕೆಳಮುಖವಾಗಿ ಬೇಗ ನೆಲ ಸೇರುತ್ತದೆ. ಸಮತಟ್ಟಾದ ಜಾಗದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಕಾಣುವುದಿಲ್ಲ.

ಸೋವುವವರು 20ರಿಂದ 30 ಮೀಟರ್ ಅಂತರದಲ್ಲಿ ಸಾಲಾಗಿ, ನಿಧಾನವಾಗಿ, ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತ ಬರಬೇಕು. ಓಡಬಾರದು. ಧಾವಿಸಿದರೆ ಹಂದಿಗಳು ಮಲಗಿದಲ್ಲೇ ಅಡಗಿ ಸೋವುವವರನ್ನು ಮುಂದಕ್ಕೆ ಬಿಟ್ಟುಬಿಡುತ್ತವೆ. ನಿಂತು, ಕೂಗಿ, ಪೊದೆ ಬಡಿದು ಬಂದರೆ ಅವು ಎದ್ದು ನಡೆಯುತ್ತವೆ, ನಡೆಯುವ ಹಂದಿಗೆ ಬೀಳುವ ಈಡು ಸ್ವಚ್ಛ. ಬಿಲ್ಲಿಗೆ ನಿಂತವರು ಮುಗಿತಾಯದ ಸದ್ದು ಕೇಳುವವರೆಗೆ ಒಂದು ಹೆಜ್ಜೆಯೂ ಕದಲಬಾರದು. ಹಂದಿ ಬಿದ್ದರೂ, ನಾಯಿ ಕೂಗಿದರೂ, ಮಳೆ ಬಂದರೂ ಕದಲಬಾರದು. ನೆರೆಯವನು ಅಲ್ಲಿಯೇ ಇದ್ದಾನೆ ಎಂಬ ನಂಬಿಕೆಯ ಮೇಲೆ ಎಲ್ಲರೂ ಹೊಡೆಯುತ್ತಿರುತ್ತಾರೆ. ಮುಗಿತಾಯದ ಸದ್ದಾದ ಕ್ಷಣಕ್ಕೆ ತೋಟಾ ಹೊರಗೆ, ಕೋವಿ ತೆರೆದ ಸ್ಥಿತಿಯಲ್ಲಿ. ಆಮೇಲೆ ಎದುರಿಗೇ ಹಂದಿ ಬಂದರೂ ಹೊಡೆಯುವಂತಿಲ್ಲ.

ಕೋವಿ ಮತ್ತು ತೋಟಾ

ರೈಫಲ್ ಆದರೆ .308 ಅಥವಾ .30-06 ಅಳತೆಯ ತೋಟಾ ಸಾಕು. ದೊಡ್ಡ ಒಂಟಿಗಗಳು, ಅಂದರೆ ಒಂಟಿಯಾಗಿ ತಿರುಗುವ ಗಂಡುಹಂದಿಗಳು, ಇರುವ ಕಡೆ 9.3×62 ಬಳಸುವವರೂ ಇದ್ದಾರೆ. 12 ಬೋರ್ ಕೋವಿಯಾದರೆ ಒಂಟಿ ಗುಂಡಿನ ತೋಟಾ, 50 ಮೀಟರಿನೊಳಗೆ. ಚರೆ ಬೇಡ. ಚರೆ ಹಂದಿಯನ್ನು ಕೊಲ್ಲುವುದಕ್ಕಿಂತ ಗಾಯ ಮಾಡಿ ಕಳಿಸುವುದೇ ಹೆಚ್ಚು, ಹರಡಿದ ಕಾಳುಗಳು ಎಲ್ಲಿಗೆ ಹೋದವೆಂದು ಹೇಳಲೂ ಬರುವುದಿಲ್ಲ. ಹತ್ತಿರದಲ್ಲಿ ಓಡುವ ಹಂದಿಗೆ ದೂರದ ಟೆಲಿಸ್ಕೋಪ್ ತೊಡಕು. ಕೆಂಪು ಚುಕ್ಕಿಯ ದರ್ಶಕ ಅಥವಾ ಒಂದರಿಂದ ನಾಲ್ಕು ಪಟ್ಟು ದೊಡ್ಡದು ಮಾಡುವ ದರ್ಶಕ ಒಳ್ಳೆಯದು. ಬೇಟೆಗೆ ಮುಂಚೆ ಅದೇ ತೋಟಾದಲ್ಲಿ 50 ಮೀಟರಿಗೆ ಗುರಿ ಸರಿಮಾಡಿ. ತೋಟಾದ ತಯಾರಕ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ.

ಯಾವ ಹಂದಿಗೆ, ಎಲ್ಲಿಗೆ

ಹಿಂಡಿನ ಮುಂದೆ ಬರುವುದು ಸಾಮಾನ್ಯವಾಗಿ ಹಿರಿಯ ಹೆಣ್ಣು. ಅದನ್ನು ಹೊಡೆದರೆ ಮರಿಗಳು ಅನಾಥ, ಹಿಂಡು ಚದುರಿ ಹೊಲಗಳ ಪಾಲಾಗುತ್ತದೆ. ಹಿಂದೆ ಬರುವ ಸಣ್ಣವನ್ನು ಆರಿಸಿ. ಒಂಟಿಯಾಗಿ ಬಂದದ್ದನ್ನೆಲ್ಲ ಗಂಡೆಂದು ತಿಳಿಯಬೇಡಿ. ಪಟ್ಟೆಮರಿಗಳನ್ನು ಹಿಂದೆ ಬಿಟ್ಟು ತಾಯಿ ಮೊದಲು ನುಗ್ಗಿ ಬರುವುದುಂಟು, ಎರಡು ಉಸಿರಿನಷ್ಟು ಕಾಯಿರಿ.

ಹಂದಿಯ ಗುಂಡಿಗೆ ಮತ್ತು ಶ್ವಾಸಕೋಶ ಜಿಂಕೆಯದಕ್ಕಿಂತ ಮುಂದಕ್ಕೂ ಕೆಳಕ್ಕೂ ಇವೆ. ಪಕ್ಕದಿಂದ ಕಂಡಾಗ ಮುಂಗಾಲಿನ ನೇರಕ್ಕೆ ಮೇಲೆ ಬಂದು, ಮೈಯ ಎತ್ತರದಲ್ಲಿ ಕೆಳಗಿನಿಂದ ಮೂರರಲ್ಲಿ ಒಂದು ಭಾಗದಲ್ಲಿ ಗುರಿ ಇಡಬೇಕು. ಬೆನ್ನಿನ ಗಡುಸು ಕೂದಲು ಹಂದಿಯನ್ನು ಇರುವುದಕ್ಕಿಂತ ಎತ್ತರವಾಗಿ ತೋರಿಸುತ್ತದೆ. ಆ ಮೋಸಕ್ಕೆ ಬಿದ್ದು ಮೇಲೆ ಹೊಡೆದರೆ ಗುಂಡು ಬೆನ್ನುಹುರಿಯ ಮೇಲಿನ ಮೂಳೆಮೊನೆಗಳಿಗಷ್ಟೇ ತಾಗುತ್ತದೆ. ಹಂದಿ ಸಿಡಿಲು ಬಡಿದಂತೆ ಬೀಳುತ್ತದೆ, ನೋಡನೋಡುತ್ತಲೇ ಎದ್ದು ಓಡುತ್ತದೆ. ಹೊಡೆದ ಕೂಡಲೇ ಬಿದ್ದು ಕಾಲು ಬಡಿಯುತ್ತಿದ್ದರೆ, ದಿಕ್ಕು ಸುರಕ್ಷಿತವಾಗಿದ್ದರೆ, ತಡಮಾಡದೆ ಎರಡನೆಯ ಈಡು ಹೊಡೆಯಿರಿ. ದೊಡ್ಡ ಗಂಡಿನ ಹೆಗಲ ಮೇಲೆ ದಪ್ಪ ಗಡುಸು ಪದರವೂ ಇರುತ್ತದೆ, ಹಗುರ ಗುಂಡು ಅಲ್ಲಿಯೇ ಒಡೆದುಹೋಗುತ್ತದೆ.

ಓಡುವ ಹಂದಿಗೆ ಎಷ್ಟು ಮುಂದೆ ಹಿಡಿಯಬೇಕು? ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 10 ಮೀಟರ್. ಸೆಕೆಂಡಿಗೆ 800 ಮೀಟರ್ ಹೋಗುವ ರೈಫಲ್ ಗುಂಡು 50 ಮೀಟರ್ ದಾಟುವಷ್ಟರಲ್ಲಿ ಹಂದಿ 60 ಸೆಂಟಿಮೀಟರಿನಷ್ಟು ಮುಂದೆ ಹೋಗಿರುತ್ತದೆ. ಬೆಳೆದ ಹಂದಿಯಲ್ಲಿ ಇದು ಹೆಚ್ಚುಕಡಿಮೆ ಗುಂಡಿಗೆಯಿಂದ ಮೂತಿಯ ತುದಿಯವರೆಗಿನ ದೂರ. 12 ಬೋರಿನ ನಿಧಾನ ಗುಂಡಿಗೆ 40 ಮೀಟರಿನಲ್ಲೇ ಸುಮಾರು ಒಂದು ಮೀಟರ್ ಬೇಕು. ಕೋವಿ ಹಂದಿಯ ಜೊತೆಗೇ ತಿರುಗುತ್ತಿರುವಾಗಲೇ ಟ್ರಿಗರ್ ಎಳೆಯಿರಿ. ನಿಲ್ಲಿಸಿ ಎಳೆದರೆ ಈಡು ಹೊಟ್ಟೆಗೆ ಬೀಳುತ್ತದೆ, ಆಮೇಲೆ ಎಲ್ಲರಿಗೂ ಕೆಟ್ಟ ದಿನ.

ಈಡು ತಿಂದು ಓಡಿದ ಹಂದಿ

ಹಂದಿ ಮರೆಯಾದ ಕೂಡಲೇ ಹಿಂದೆ ಓಡುವುದು ಸಹಜ ಆಸೆ, ಅದೇ ದೊಡ್ಡ ತಪ್ಪು. ಸೋವು ಮುಗಿಯಬೇಕು, ಆಮೇಲೂ ಕನಿಷ್ಠ 30 ನಿಮಿಷ ಕಾಯಬೇಕು. ಬೆನ್ನಟ್ಟದಿದ್ದರೆ ಗಾಯಗೊಂಡ ಹಂದಿ ಹತ್ತಿರದ ಪೊದೆಯಲ್ಲಿ ಮಲಗಿ ಅಲ್ಲಿಯೇ ಸಾಯುತ್ತದೆ. ಬೆನ್ನಟ್ಟಿದರೆ ಉಳಿದ ಕಸುವಿನಲ್ಲಿ ಬಹುದೂರ ಹೋಗುತ್ತದೆ.

ಮೊದಲು ಹಂದಿ ಈಡು ತಿಂದ ಜಾಗಕ್ಕೆ ಹೋಗಿ ನೆಲ ನೋಡಿ. ತಿಳಿಗೆಂಪಿನ ನೊರೆರಕ್ತ ಶ್ವಾಸಕೋಶದ್ದು, ಹಂದಿ ಹತ್ತಿರದಲ್ಲೇ ಇದೆ. ಕಪ್ಪುಗೆಂಪು ರಕ್ತ ಯಕೃತ್ತಿನದಿರಬಹುದು, ಬರೀ ಮಾಂಸದ್ದೂ ಇರಬಹುದು. ಮೇವಿನ ತುಣುಕು, ಹಸಿರು ಕಂದು ನೀರು, ಕೆಟ್ಟ ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ, ಮೂರು ನಾಲ್ಕು ಗಂಟೆ ಬಿಟ್ಟು ಹೋಗಬೇಕು. ಮೂಳೆಚೂರು ಸಿಕ್ಕರೆ ಕಾಲು ಮುರಿದಿರುವ ಸಂಭವ, ಅಂಥ ಹಂದಿ ಪಳಗಿದ ನಾಯಿಯಿಲ್ಲದೆ ಸಿಗುವುದು ಅಪರೂಪ. ರಕ್ತವೇ ಇಲ್ಲವೆಂದು ಈಡು ತಪ್ಪಿತೆಂದು ತೀರ್ಮಾನಿಸಬೇಡಿ. ಹಂದಿಯ ಕೊಬ್ಬು ಗಾಯದ ಬಾಯಿಯನ್ನು ಮುಚ್ಚುವುದರಿಂದ ಮೊದಲ ಹನಿ ಹತ್ತಾರು ಮೀಟರ್ ಆಚೆ ಬೀಳುವುದುಂಟು. ಓಡಿದ ದಿಕ್ಕಿನಲ್ಲಿ 100 ಮೀಟರ್ ಆದರೂ ಹುಡುಕಲೇಬೇಕು.

ಜಾಡು ಹಿಡಿಯಲು ಇಬ್ಬರು ಅಥವಾ ಮೂವರು ಸಾಕು. ಒಬ್ಬ ನೆಲ ನೋಡುವವನು, ಅವನ ಕೈಯಲ್ಲಿ ಕೋವಿ ಬೇಡ. ಇನ್ನೊಬ್ಬ ಅವನ ಪಕ್ಕದಲ್ಲಿ, ಹಿಂದಲ್ಲ, ಮುಂದೆ ನೋಡುತ್ತ ಕೋವಿಯೊಂದಿಗೆ ಇರಬೇಕು. ಪ್ರತಿ ರಕ್ತದ ಗುರುತಿನ ಪಕ್ಕ ಟಿಶ್ಯೂ ಕಾಗದದ ತುಂಡು ಇಡುತ್ತ ಹೋಗಿ. ಜಾಡು ತಪ್ಪಿದಾಗ ಕೊನೆಯ ಕಾಗದಕ್ಕೆ ಮರಳಿ, ಅಲ್ಲಿಂದ ಸುತ್ತು ಹಾಕುತ್ತ ಹುಡುಕಿ. ಗಾಯದ ಹಂದಿ ದಟ್ಟ ಪೊದೆ ಹೊಕ್ಕು, ಬಂದ ದಾರಿಯ ಕಡೆಗೇ ಮುಖ ಮಾಡಿ ನಿಲ್ಲುತ್ತದೆ. ಪೊದೆಯೊಳಗೆ ಬಗ್ಗಿ, ತೆವಳಿ ಹೋಗಬೇಡಿ. ಕತ್ತಲಾದರೆ ಬೆಳಗಿಗೆ ಬಿಡಿ.

ಬಿದ್ದ ಹಂದಿಯ ಹತ್ತಿರ ಬೆನ್ನಿನ ಕಡೆಯಿಂದ ಹೋಗಿ. ಬೆನ್ನಿನ ಕೂದಲು ನೆಟ್ಟಗಿದ್ದು ಕಿವಿ ಹಿಂದಕ್ಕೆ ಮಡಚಿದ್ದರೆ ಜೀವವಿದೆ ಎಂದೇ ತಿಳಿಯಿರಿ. ಉದ್ದ ಕೋಲಿನಿಂದ ಕಣ್ಣುಗುಡ್ಡೆ ಮುಟ್ಟಿ ನೋಡಿ, ರೆಪ್ಪೆ ಮಿಟುಕದಿದ್ದರೆ ಮಾತ್ರ ಕೈ ಹಾಕಿ.

ಕೋರೆಯ ಪೆಟ್ಟು ಬೀಳುವುದು ಮೊಣಕಾಲು, ತೊಡೆಯ ಮಟ್ಟದಲ್ಲಿ. ತೊಡೆಯ ಒಳಭಾಗದ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳ ಅವಕಾಶ. ಆದ್ದರಿಂದ ಟೂರ್ನಿಕೆಟ್ (ರಕ್ತ ನಿಲ್ಲಿಸಲು ತಿರುವಿ ಬಿಗಿಯುವ ಪಟ್ಟಿ) ಮತ್ತು ಒತ್ತುಪಟ್ಟಿ ಗಾಡಿಯಲ್ಲಲ್ಲ, ಜೇಬಿನಲ್ಲಿರಬೇಕು. ಟೂರ್ನಿಕೆಟ್ಟನ್ನು ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಬಿಗಿದು, ರಕ್ತ ನಿಲ್ಲುವವರೆಗೆ ತಿರುವಿ, ಸಮಯ ಬರೆದಿಡಿ. ಆಸ್ಪತ್ರೆಯವರೇ ಬಿಚ್ಚಲಿ. ಸಣ್ಣ ಗಾಯವೂ ಆಳವಾಗಿ ಕೊಳಕಾಗಿರುತ್ತದೆ. ಸ್ಥಳದಲ್ಲಿ ಹೊಲಿಯಬೇಡಿ, ತೊಳೆದು ವೈದ್ಯರಿಗೆ ತೋರಿಸಿ.

ಹಸಿಗೆ

ಹಂದಿಯ ತೊಗಲು, ಕೊಬ್ಬು ದಪ್ಪವಾಗಿರುವುದರಿಂದ ಒಳಗಿನ ಕಾವು ಬೇಗ ಹೋಗುವುದಿಲ್ಲ. ಒಂದು ಗಂಟೆಯೊಳಗೆ ಒಳಾಂಗ ತೆಗೆಯಬೇಕು, ಹೊಟ್ಟೆಗೆ ಈಡು ಬಿದ್ದಿದ್ದರೆ ಇನ್ನೂ ಬೇಗ. ಮೊದಲು ರಬ್ಬರ್ ಕೈಗವಸು ಹಾಕಿಕೊಳ್ಳಿ. ಗಂಡಾದರೆ ಮೊದಲು ಬೀಜ ತೆಗೆದು, ಆ ಚಾಕು ತೊಳೆದು ಮುಂದಿನ ಕೆಲಸ ಮಾಡಿ. ಗುದದ ಸುತ್ತ ಕೊರೆದು ದಾರದಿಂದ ಕಟ್ಟಿ. ಅನ್ನನಾಳವನ್ನೂ ಕಟ್ಟಿ. ಹೊಟ್ಟೆ ಸೀಳುವಾಗ ಚಾಕುವಿನ ಅಲಗು ಮೇಲ್ಮುಖವಾಗಿರಲಿ, ಎರಡು ಬೆರಳು ಅಡಿಯಲ್ಲಿಟ್ಟು ಕರುಳನ್ನು ಒಳಕ್ಕೆ ಒತ್ತಿ ಹಿಡಿಯಿರಿ. ಕರುಳು ಅಥವಾ ಮೂತ್ರಕೋಶ ತೂತಾದರೆ ಆ ಭಾಗದ ಮಾಂಸ ಕತ್ತರಿಸಿ ಎಸೆಯಬೇಕು, ತೊಳೆದರೆ ಕೊಳಕು ಹರಡುತ್ತದೆ. ಯಕೃತ್ತು, ಗುಲ್ಮ, ಶ್ವಾಸಕೋಶಗಳನ್ನು ಬೆಳಕಿನಲ್ಲಿ ನೋಡಿ. ಹಳದಿ ಗಂಟು, ಕೀವು, ಅಸಹಜ ಊತ ಕಂಡರೆ ಪಶುವೈದ್ಯರು ನೋಡುವವರೆಗೆ ಆ ಮಾಂಸ ಹಂಚಬೇಡಿ. ಸೀಸದ ಗುಂಡಾಗಿದ್ದರೆ ಕಣ್ಣಿಗೆ ಕಾಣದ ಚೂರುಗಳು ದೂರ ಹರಡಿರುತ್ತವೆ, ಗಾಯದ ಸುತ್ತ ಕನಿಷ್ಠ 10 ಸೆಂಟಿಮೀಟರ್ ಕತ್ತರಿಸಿ ತೆಗೆಯಿರಿ. ಎದೆಗೂಡಿನ ನಡುವೆ ಕೋಲು ಕೊಟ್ಟು ತೆರೆದು, ನೆರಳಲ್ಲಿ ನೇತುಹಾಕಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಸಿ. ಬಿಸಿ ಮಾಂಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಮನೆ ಸೇರುವಷ್ಟರಲ್ಲಿ ಕೆಟ್ಟಿರುತ್ತದೆ.

ವಪೆಯ ಕಂಬದಿಂದ, ಅಂದರೆ ಎದೆ ಹೊಟ್ಟೆಗಳ ನಡುವಿನ ತೆಳು ಮಾಂಸಪದರ ಬೆನ್ನುಮೂಳೆಗೆ ಅಂಟುವ ಜಾಗದಿಂದ, ಒಂದು ತುಂಡನ್ನು ಟ್ರೈಕಿನೆಲ್ಲಾ ಎಂಬ ಪರಾವಲಂಬಿ ಹುಳುವಿನ ಪರೀಕ್ಷೆಗೆ ಕಳಿಸಿ. ಯುರೋಪಿನ ಒಕ್ಕೂಟದಲ್ಲಿ ಮಾರಾಟದ ಕಾಡುಹಂದಿ ಮಾಂಸಕ್ಕೆ ಇದು ಕಡ್ಡಾಯ. ಈ ಹುಳುವಿನ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ಕಾಡುಪ್ರಾಣಿಗಳಲ್ಲಿರುವ ಕೆಲವು ಜಾತಿಗಳು ಫ್ರೀಜರಿನ ಚಳಿಗೂ ಸಾಯುವುದಿಲ್ಲ. ಉಪ್ಪು ಹಾಕುವುದು, ಹೊಗೆಯಲ್ಲಿ ಒಣಗಿಸುವುದು ನಂಬಿಕೆಗೆ ಅರ್ಹವಲ್ಲ. ಮಾಂಸದ ನಡುವಿನ ತಾಪ 71 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಬೇಯಿಸಿ, ಥರ್ಮಾಮೀಟರ್ ಚುಚ್ಚಿ ನೋಡಿ. ಅರೆಬೆಂದ ಯಕೃತ್ತಿನಿಂದ ಹೆಪಟೈಟಿಸ್ ಇ ಕೂಡ ಬರುತ್ತದೆ.

ನಾಯಿಗಳಿಗೆ ಹಸಿ ಮಾಂಸ, ಕರುಳು, ರಕ್ತ ಕೊಡಲೇಬೇಡಿ. ಹಂದಿಗಳಲ್ಲಿ ಸದ್ದಿಲ್ಲದೆ ಇರುವ ಔಜೆಸ್ಕಿ ರೋಗ ನಾಯಿಗೆ ತಗುಲಿದರೆ ವಿಪರೀತ ತುರಿಕೆ ಬಂದು ಕೆಲವೇ ದಿನಗಳಲ್ಲಿ ಸಾಯುತ್ತದೆ, ಚಿಕಿತ್ಸೆ ಇಲ್ಲ. ಇನ್ನು ಆಫ್ರಿಕನ್ ಹಂದಿಜ್ವರ. ಮನುಷ್ಯರಿಗೆ ಇದರಿಂದ ತೊಂದರೆಯಿಲ್ಲ, ಸಾಕುಹಂದಿಗಳ ದೊಡ್ಡಿಗಳನ್ನೇ ಖಾಲಿ ಮಾಡುತ್ತದೆ. 2007ರಲ್ಲಿ ಜಾರ್ಜಿಯಾ ದೇಶದಲ್ಲಿ ಕಾಣಿಸಿಕೊಂಡಲ್ಲಿಂದ ಯುರೋಪ್, ಏಷ್ಯಾಗಳಿಗೆ ಹರಡಿತು, 2020ರಲ್ಲಿ ಭಾರತಕ್ಕೂ ಬಂತು. ಕಾಡಿನಲ್ಲಿ ಗುಂಡಿನ ಗಾಯವಿಲ್ಲದೆ ಸತ್ತ ಹಂದಿ ಸಿಕ್ಕರೆ ಮುಟ್ಟದೆ, ಜಾಗ ಗುರುತಿಟ್ಟುಕೊಂಡು ಪಶುವೈದ್ಯ ಇಲಾಖೆಗೆ ತಿಳಿಸಿ. ಒಳಾಂಗ, ತೊಗಲುಗಳನ್ನು ಅಲ್ಲಿಯ ನಿಯಮದಂತೆ ಆಳವಾಗಿ ಹೂಳಿ, ಇಲ್ಲವೇ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ. ಬೂಟು, ಚಾಕು, ಗಾಡಿಯ ಚಕ್ರಗಳ ಮಣ್ಣು ರಕ್ತಗಳನ್ನು ಮೊದಲು ಸಾಬೂನಿನಿಂದ ಉಜ್ಜಿ ತೆಗೆದು ಆಮೇಲೆ ಸೋಂಕುನಾಶಕ ಹಾಕಿ, ಏಕೆಂದರೆ ಕೊಳೆಯ ಮೇಲೆ ಸುರಿದ ಸೋಂಕುನಾಶಕ ಕೆಲಸ ಮಾಡುವುದಿಲ್ಲ. ಗುಂಪಿನಲ್ಲಿ ಹಂದಿ ಸಾಕುವವರಿದ್ದರೆ ಅವರು ಸ್ನಾನ ಮಾಡಿ, ಬಟ್ಟೆ ಬೂಟು ಬದಲಿಸಿ, ಕನಿಷ್ಠ 48 ಗಂಟೆ ಕಳೆದ ಮೇಲೆಯೇ ದೊಡ್ಡಿಗೆ ಕಾಲಿಡಬೇಕು.